ಬಾರದ ಯಂತ್ರಕ್ಕೆ ಕಾದವರು

2017ರ ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಕಂಪ್ಯೂಟರ್ ಉದ್ಯಮ ಅಪರೂಪದ ಸಂಗತಿಯೊಂದನ್ನು ಕಂಡಿತು. ಮುಂದೇನು ತಯಾರಿಸುತ್ತೇವೆ ಎಂಬುದನ್ನು ಕೊನೆಯ ಗಳಿಗೆಯವರೆಗೂ ಬಾಯಿಬಿಡದ ಆಪಲ್ ಕಂಪನಿ, ಐವರು ಪತ್ರಕರ್ತರನ್ನು ತನ್ನ ಪ್ರಯೋಗಾಲಯಕ್ಕೆ ಕರೆಸಿಕೊಂಡಿತು. ತೋರಿಸಲು ಹೊಸ ವಸ್ತುವೇನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಭಾರಿ ಅಬ್ಬರದಿಂದ ಹೊರತಂದ ತನ್ನ ಅತಿ ಶಕ್ತಿಶಾಲಿ ಮೇಜಿನ ಕಂಪ್ಯೂಟರ್ ‘ಮ್ಯಾಕ್ ಪ್ರೊ’ ಎಡವಿತ್ತು, ಅದನ್ನು ಬುಡದಿಂದ ಮತ್ತೆ ರೂಪಿಸಲಾಗುತ್ತಿದೆ, ಆದರೆ ಅದು ಈ ವರ್ಷವಂತೂ ಬರುವುದಿಲ್ಲ ಎಂದು ಹೇಳುವುದಕ್ಕಷ್ಟೇ ಆ ಸಭೆ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಕೈಯಲ್ಲಿ ಏನೂ ಇಲ್ಲದೆ ನಿಂತು, ಗಿರಾಕಿಗಳಿಂದ ಇನ್ನಷ್ಟು ಕಾಲಾವಕಾಶ ಕೇಳಿತು.

ಅದಕ್ಕೆ ಕಾರಣವಿತ್ತು. ಆ ಹೊತ್ತಿಗೆ ಚಲನಚಿತ್ರ ಸಂಕಲನಕಾರರು, ಸಂಗೀತ ಸಂಯೋಜಕರು, ಆನಿಮೇಶನ್ ಕಲಾವಿದರು, ವಿಜ್ಞಾನಿಗಳು, ತಂತ್ರಾಂಶ ಬರೆಯುವವರು ವರ್ಷಗಟ್ಟಲೆ ಕಾದು ಸೋತಿದ್ದರು. ಕೆಲವರು ಬೇರೆ ಕಂಪನಿಯ ಯಂತ್ರಗಳಿಗೆ ವಲಸೆ ಹೋಗಿದ್ದರು. ಉಳಿದವರು ಹೋಗಬೇಕೋ ಇರಬೇಕೋ ಎಂಬ ಹೊಯ್ದಾಟದಲ್ಲಿದ್ದರು. ಮೇಲ್ನೋಟಕ್ಕೆ ಇದು ಸಿರಿವಂತ ದೇಶದ ದುಬಾರಿ ಯಂತ್ರವೊಂದರ ಕಥೆ. ಒಳಹೊಕ್ಕು ನೋಡಿದರೆ, ಆಯುಧ ಮಾಡುವವನಿಗೂ ಆ ಆಯುಧ ಹಿಡಿದು ಅನ್ನ ದುಡಿಯುವವನಿಗೂ ಇರುವ ಹಳೆಯ ನಂಟಿನ ಕಥೆ.

ಲಾರಿ ಮತ್ತು ಕಾರು

ಕಂಪ್ಯೂಟರುಗಳಲ್ಲಿ ಎರಡು ಜಾತಿ. ಪತ್ರ ಬರೆಯಲು, ಲೆಕ್ಕ ಇಡಲು, ಚಿತ್ರ ನೋಡಲು ಸಾಲುವಂಥದ್ದು ಒಂದು. ದಿನವಿಡೀ ಭಾರ ಎಳೆಯುವಂಥದ್ದು ಇನ್ನೊಂದು. ಆಪಲ್‌ನ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ 2010ರಲ್ಲಿ ಇದಕ್ಕೆ ಒಂದು ಹೋಲಿಕೆ ಕೊಟ್ಟಿದ್ದರು. ಅಮೆರಿಕ ಕೃಷಿಕರ ದೇಶವಾಗಿದ್ದಾಗ ರಸ್ತೆಯ ಮೇಲಿನ ವಾಹನವೆಲ್ಲ ಲಾರಿಯೇ. ಜನ ಪಟ್ಟಣ ಸೇರಿದಂತೆ ಕಾರು ಹೆಚ್ಚಾಯಿತು. ಕಂಪ್ಯೂಟರೂ ಹಾಗೆಯೇ ಲಾರಿಯಾಗುತ್ತದೆ, ಬೇಕಾದ ಕೆಲವರಷ್ಟೇ ಇಟ್ಟುಕೊಳ್ಳುತ್ತಾರೆ ಎಂಬುದು ಅವರ ಮಾತಿನ ಸಾರ. ಹೋಲಿಕೆ ಸರಿಯೇ. ಆದರೆ ಲಾರಿಯ ಮೇಲೆ ಬದುಕು ಕಟ್ಟಿಕೊಂಡವನಿಗೆ ಕಾರು ತೋರಿಸಿ ಸಮಾಧಾನ ಹೇಳಲಾಗದು.

ಆಪಲ್ ಕಂಪನಿ ದುಡಿಯುವವರ ಮನಸ್ಸು ಗೆದ್ದದ್ದು 1980ರ ದಶಕದಲ್ಲಿ. 1984ರಲ್ಲಿ ಬಂದ ಮ್ಯಾಕಿಂಟಾಷ್‌ಗೆ ಮರುವರ್ಷ ಲೇಸರ್‌ರೈಟರ್ ಎಂಬ ಮುದ್ರಕವೂ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಎಂಬ ತಂತ್ರಾಂಶವೂ ಜೊತೆಯಾದವು. ಅಚ್ಚುಮೊಳೆ ಜೋಡಿಸುವ ಕೆಲಸ ಮೇಜಿನ ಮೇಲೆ ನಡೆಯತೊಡಗಿತು. ಮುಂದೆ ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿ ಫಲಕಗಳಲ್ಲೂ ಕಾಣಿಸಿಕೊಂಡ ‘ಡಿಟಿಪಿ’ ಎಂಬ ಮೂರಕ್ಷರದ ಹುಟ್ಟು ಅಲ್ಲಿ. 1990ರಲ್ಲಿ ಬಂದ ಫೋಟೋಶಾಪ್ ಮೊದಲಿಗೆ ನಡೆಯುತ್ತಿದ್ದುದು ಮ್ಯಾಕಿನಲ್ಲಿ ಮಾತ್ರ. 1999ರಲ್ಲಿ ಆಪಲ್ ತಾನೇ ಫೈನಲ್ ಕಟ್ ಪ್ರೊ ಎಂಬ ಚಿತ್ರ ಸಂಕಲನದ ತಂತ್ರಾಂಶವನ್ನು ಹೊರತಂದಿತು. ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ 2003ರ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಇದರಲ್ಲೇ ಸಂಕಲಿಸಿದರು. 2010ರ ‘ದ ಸೋಶಿಯಲ್ ನೆಟ್‌ವರ್ಕ್’ ಚಿತ್ರದ ಸಂಕಲನವೂ ಇದರಲ್ಲೇ ನಡೆದು ಆಸ್ಕರ್ ಪಡೆಯಿತು.

ಈ ಕೆಲಸಗಳಿಗೆ ಬೇಕಾದ ಲಾರಿ 2006ರ ಆಗಸ್ಟ್‌ನಲ್ಲಿ ಬಂದ ಮ್ಯಾಕ್ ಪ್ರೊ. ಅಲ್ಯೂಮಿನಿಯಮ್ಮಿನ ಎತ್ತರದ ಪೆಟ್ಟಿಗೆ, ಮುಂದೆ ಹಿಂದೆ ತೂತು ತೂತಾದ ಜಾಲರಿ. ನೋಡಿದವರು ಅದಕ್ಕೆ ‘ತುರಿಯುವ ಮಣೆ’ ಎಂದು ಅಡ್ಡಹೆಸರಿಟ್ಟರು. ಪಕ್ಕದ ಬಾಗಿಲು ತೆಗೆದರೆ ಒಳಗಿನದೆಲ್ಲ ಕೈಗೆ ಸಿಗುತ್ತಿತ್ತು. ನಾಲ್ಕು ಹಾರ್ಡ್ ಡಿಸ್ಕುಗಳನ್ನು ಡ್ರಾಯರ್ ಎಳೆದಂತೆ ಎಳೆದು ಬದಲಿಸಬಹುದಿತ್ತು. ನಾಲ್ಕು ಸ್ಲಾಟುಗಳಲ್ಲಿ ಬೇಕಾದ ಕಾರ್ಡುಗಳನ್ನು ಕೂರಿಸಬಹುದಿತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಳತಾದರೆ ಅದೊಂದನ್ನು ಕಿತ್ತು ಹೊಸತು ಹಾಕಿದರೆ ಆಯಿತು. ಯಂತ್ರಕ್ಕೆ ಮತ್ತೆರಡು ವರ್ಷ ಆಯುಷ್ಯ. ಎತ್ತಿನ ಗಾಡಿಗೆ ಅಚ್ಚು ಬದಲಿಸಿದಂತೆ. ಕಸುಬುದಾರರಿಗೆ ಹಿಡಿಸಿದ್ದು ಅದರ ಅಂದಕ್ಕಿಂತ ಈ ಗುಣ.

ಮೊದಲ ಕಾಯುವಿಕೆ

2008, 2009, 2010ರಲ್ಲಿ ಮ್ಯಾಕ್ ಪ್ರೊ ಹೊಸ ಪ್ರೊಸೆಸರುಗಳೊಂದಿಗೆ ಸುಧಾರಿಸುತ್ತ ಬಂತು. ಆಮೇಲೆ ಸದ್ದಡಗಿತು. ಕಂಪನಿಯ ಗಮನ ಬೇರೆಡೆ ಹೊರಳಿತ್ತು. 2007ರಲ್ಲಿ ಐಫೋನ್ ಪ್ರಕಟಿಸಿದ ದಿನವೇ ಅದು ತನ್ನ ಹೆಸರಿನಿಂದ ‘ಕಂಪ್ಯೂಟರ್’ ಎಂಬ ಪದವನ್ನು ಕೈಬಿಟ್ಟಿತ್ತು. 2011ರ ಜೂನ್‌ನಲ್ಲಿ ಫೈನಲ್ ಕಟ್ ಪ್ರೊವನ್ನು ಹೊಸದಾಗಿ ಬರೆದು ಬಿಡುಗಡೆ ಮಾಡಿದಾಗ ಸಂಕಲನಕಾರರಿಗೆ ಆಘಾತವಾಯಿತು. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಹೊಂದಿಸುವ ಸೌಲಭ್ಯ ಅದರಲ್ಲಿರಲಿಲ್ಲ, ಹಳೆಯ ಆವೃತ್ತಿಯಲ್ಲಿ ಮಾಡಿಟ್ಟ ಕೆಲಸವನ್ನು ಅದು ತೆರೆಯುತ್ತಲೂ ಇರಲಿಲ್ಲ. ಬಿಟ್ಟುಹೋದದ್ದನ್ನು ಕಂಪನಿ ಬರಬರುತ್ತ ಸೇರಿಸಿತಾದರೂ, ತಮ್ಮನ್ನು ಕೈಬಿಡಲಾಗುತ್ತಿದೆ ಎಂಬ ಅನುಮಾನ ಕಸುಬುದಾರರಲ್ಲಿ ಬೇರೂರಿತು.

2012ರ ಜೂನ್‌ನಲ್ಲಿ ಮ್ಯಾಕ್ ಪ್ರೊ ‘ಹೊಸತಾಯಿತು’. ಆದರೆ ಅದರೊಳಗಿದ್ದುದು ಎರಡು ವರ್ಷ ಹಿಂದಿನ ಪೀಳಿಗೆಯ ಪ್ರೊಸೆಸರ್. ಕಂಪನಿಯ ಅಗ್ಗದ ಲ್ಯಾಪ್‌ಟಾಪಿನಲ್ಲಿದ್ದ ವೇಗದ ಥಂಡರ್‌ಬೋಲ್ಟ್ ಕಿಂಡಿಯೂ ಅದಕ್ಕಿರಲಿಲ್ಲ. ಅದಕ್ಕೆ ಮೊದಲೇ ಸಾವಿರಾರು ಜನ ಫೇಸ್‌ಬುಕ್ಕಿನಲ್ಲಿ ಒಟ್ಟಾಗಿ, ಯಂತ್ರ ಬರುವುದೋ ಇಲ್ಲವೋ ಅಷ್ಟನ್ನಾದರೂ ಹೇಳಿ ಎಂದು ಕೇಳಿಕೊಂಡಿದ್ದರು. ಆಗ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಗಿರಾಕಿಯೊಬ್ಬರಿಗೆ ಬರೆದ ಉತ್ತರದಲ್ಲಿ, ಮುಂದಿನ ವರ್ಷದ ಕೊನೆಗೆ ಬಹಳ ದೊಡ್ಡದೊಂದು ಬರಲಿದೆ, ಚಿಂತೆ ಬೇಡ ಎಂಬ ಭರವಸೆ ಕೊಟ್ಟರು. ಅಷ್ಟರಲ್ಲಿ 2013ರ ಮಾರ್ಚ್‌ನಿಂದ ಯುರೋಪಿನ ದೇಶಗಳಲ್ಲಿ ಮ್ಯಾಕ್ ಪ್ರೊ ಮಾರಾಟವೇ ನಿಂತಿತು. ಅಲ್ಲಿನ ಹೊಸ ವಿದ್ಯುತ್ ಸುರಕ್ಷತಾ ನಿಯಮ ಫ್ಯಾನುಗಳಿಗೆ ರಕ್ಷಣೆಯ ಜಾಲರಿ ಕೇಳುತ್ತಿತ್ತು. ಹಳೆಯ ಪೆಟ್ಟಿಗೆಯಲ್ಲಿ ಅದಿರಲಿಲ್ಲ. ಹೇಗೂ ಹೊಸತು ಬರುತ್ತದಲ್ಲ ಎಂದು ಕಂಪನಿ ಹಳತನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಬೆರಗಿನ ಕೊಳವೆ

2013ರ ಜೂನ್ 10ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನದಲ್ಲಿ ಆಪಲ್ ಹೊಸ ಮ್ಯಾಕ್ ಪ್ರೊವನ್ನು ತೋರಿಸಿತು. ಸಭೆ ಬೆರಗಾಯಿತು. ಪೆಟ್ಟಿಗೆ ಮಾಯವಾಗಿ, ಕಪ್ಪಗೆ ಹೊಳೆಯುವ ಉರುಳೆ ಕಾಣಿಸಿಕೊಂಡಿತ್ತು. ಎತ್ತರ 25 ಸೆಂಟಿಮೀಟರ್, ಅಗಲ 17 ಸೆಂಟಿಮೀಟರಿಗೂ ತುಸು ಕಡಿಮೆ, ತೂಕ ಸುಮಾರು 5 ಕಿಲೊ. ಹಳೆಯ ಯಂತ್ರದ ಎಂಟನೇ ಒಂದು ಪಾಲು ಗಾತ್ರ. ಸ್ಟೀವ್ ಜಾಬ್ಸ್ ಹೋದ ಮೇಲೆ ಈ ಕಂಪನಿಗೆ ಹೊಸದನ್ನು ಕಾಣುವ ಕಣ್ಣಿಲ್ಲ ಎನ್ನುತ್ತಿದ್ದವರಿಗೆ, ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಫಿಲ್ ಶಿಲ್ಲರ್ ವೇದಿಕೆಯ ಮೇಲಿನಿಂದಲೇ ಒರಟು ಮಾತಿನ ತಿರುಗೇಟು ಕೊಟ್ಟರು. ಚಪ್ಪಾಳೆ ಮೊಳಗಿತು.

ಯಂತ್ರ ಕೈಗೆ ಸಿಕ್ಕಿದ್ದು ಮಾತ್ರ ಬೇರೆ ಮಾತು. ಡಿಸೆಂಬರ್ 19ಕ್ಕೆ ಮಾರಾಟ ಶುರುವಾಯಿತು. ಅಂದು ಹಣ ಕಟ್ಟಿದ ಅನೇಕರಿಗೆ ಸಿಕ್ಕಿದ್ದು 2014ರ ಫೆಬ್ರುವರಿ, ಮಾರ್ಚ್ ಎಂಬ ವಾಯಿದೆ. ಯಂತ್ರವನ್ನು ಚೀನಾದಲ್ಲಲ್ಲ, ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಜೋಡಿಸಬೇಕೆಂದು ಕಂಪನಿ ಹೆಮ್ಮೆಯಿಂದ ನಿರ್ಧರಿಸಿತ್ತು. ತಡವಾದುದಕ್ಕೆ ಒಂದು ಕಾರಣವನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 2019ರಲ್ಲಿ ಬಯಲಿಗೆ ತಂದಿತು. ಈ ಯಂತ್ರಕ್ಕೆಂದೇ ಬೇಕಿದ್ದ ಒಂದು ಪುಟ್ಟ ಸ್ಕ್ರೂವನ್ನು ಪೂರೈಸಲು ಸ್ಥಳೀಯ ಕಾರ್ಖಾನೆಗೆ ದಿನಕ್ಕೆ ಹೆಚ್ಚೆಂದರೆ ಸಾವಿರ ಮಾತ್ರ ಸಾಧ್ಯವಿತ್ತು. ಮೂರು ಸಾವಿರ ಡಾಲರಿನ ಯಂತ್ರ ಒಂದು ತಿರುಪು ಮೊಳೆಗಾಗಿ ಕಾಯಬೇಕಾಯಿತು. ಇದೇ ವೇಳೆ, ಧರ್ಮಕಾರ್ಯಕ್ಕಾಗಿ ಕೆಂಪು ಬಣ್ಣದಲ್ಲಿ ತಯಾರಿಸಿದ ಒಂದೇ ಒಂದು ಮ್ಯಾಕ್ ಪ್ರೊ ಸದಬಿ ಹರಾಜಿನಲ್ಲಿ 9,77,000 ಡಾಲರಿಗೆ ಹೋಯಿತು.

ಮೂಲೆಗೆ ಸಿಕ್ಕಿಬಿದ್ದ ಬಗೆ

ಉರುಳೆಯ ಒಳರಚನೆ ನಿಜಕ್ಕೂ ಜಾಣತನದ್ದು. ನಟ್ಟನಡುವೆ ತ್ರಿಕೋನಾಕಾರದ ಲೋಹದ ಕೊಳವೆ. ಅದರ ಮೂರು ಮುಖಗಳಲ್ಲಿ ಒಂದಕ್ಕೆ ಪ್ರೊಸೆಸರ್ ಅಂಟಿಕೊಂಡಿದ್ದರೆ, ಉಳಿದೆರಡಕ್ಕೆ ಒಂದೊಂದು ಗ್ರಾಫಿಕ್ಸ್ ಘಟಕ. ಮೂರರ ಬಿಸಿಯೂ ಕೊಳವೆಗೆ ಇಳಿಯುತ್ತದೆ. ಮೇಲಿರುವ ಒಂದೇ ಫ್ಯಾನ್ ಅಡಿಯಿಂದ ತಣ್ಣನೆಯ ಗಾಳಿ ಎಳೆದು ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಹಳ್ಳಿಮನೆಯ ಅಡುಗೆ ಕೋಣೆಯ ಹೊಗೆಗೂಡಿನ ತತ್ತ್ವವೇ. ಸದ್ದು ಇಲ್ಲವೆನ್ನುವಷ್ಟು ಕಡಿಮೆ.

ಈ ಏರ್ಪಾಡು ಸರಿಹೋಗಬೇಕಾದರೆ ಒಂದು ಷರತ್ತಿತ್ತು. ಮೂರೂ ಮುಖಗಳ ಬಿಸಿ ಸುಮಾರಾಗಿ ಸಮವಾಗಿರಬೇಕು. ಇಡೀ ಯಂತ್ರಕ್ಕೆ ಸಿಗುವ ವಿದ್ಯುತ್ ಹೆಚ್ಚೆಂದರೆ 450 ವಾಟ್. ಅದರಲ್ಲೇ ಮೂವರೂ ಹಂಚಿಕೊಂಡು ಉಣ್ಣಬೇಕು. ಮುಂದಿನ ದಿನಗಳಲ್ಲಿ ತಂತ್ರಾಂಶಗಳು ಎರಡು ಮಧ್ಯಮ ಶಕ್ತಿಯ ಗ್ರಾಫಿಕ್ಸ್ ಘಟಕಗಳ ಮೇಲೆ ಕೆಲಸ ಹಂಚಿಕೊಳ್ಳುತ್ತವೆ ಎಂದು ಆಪಲ್ ಲೆಕ್ಕ ಹಾಕಿತ್ತು. ಉದ್ಯಮ ಹಿಡಿದದ್ದು ಬೇರೆಯೇ ದಾರಿ. ಒಂದೇ ಒಂದು ದೈತ್ಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಎಲ್ಲ ಕೆಲಸ ಮಾಡಿಸುವುದು ರೂಢಿಯಾಯಿತು. ಅಂಥ ಕಾರ್ಡು ಒಂದೇ 250 ವಾಟ್ ನುಂಗಬಲ್ಲದು. ಅದನ್ನು ಉರುಳೆಯ ಒಂದು ಮುಖಕ್ಕೆ ಅಂಟಿಸಿದರೆ ಆ ಮುಖ ಕಾದು ಕೆಂಡವಾಗುತ್ತದೆ, ಉಳಿದೆರಡು ಸುಮ್ಮನೆ ಕುಳಿತಿರುತ್ತವೆ. ಆಪಲ್‌ನ ತಂತ್ರಾಂಶ ಮುಖ್ಯಸ್ಥ ಕ್ರೇಗ್ ಫೆಡರಿಗಿ 2017ರ ಸಭೆಯಲ್ಲಿ ಒಪ್ಪಿಕೊಂಡದ್ದು ಇದನ್ನೇ: ಬಿಸಿಯ ವಿಷಯದಲ್ಲಿ ತಮ್ಮ ವಿನ್ಯಾಸವೇ ತಮ್ಮನ್ನು ಒಂದು ಮೂಲೆಗೆ ತಳ್ಳಿತು ಎಂದು.

ಹಳೆಯ ಪೆಟ್ಟಿಗೆಯಾಗಿದ್ದರೆ ಈ ತಪ್ಪು ಲೆಕ್ಕ ದೊಡ್ಡ ವಿಷಯವೇ ಆಗುತ್ತಿರಲಿಲ್ಲ. ಕಂಪನಿಯ ಊಹೆ ಸುಳ್ಳಾದರೂ ಬಳಸುವವನು ತನಗೆ ಬೇಕಾದ ಕಾರ್ಡು ತಂದು ಹಾಕಿಕೊಳ್ಳುತ್ತಿದ್ದ. ಖಾಲಿ ಜಾಗವೆಂದರೆ ಬರೀ ಜಾಗವಲ್ಲ. ನಾಳೆ ಏನು ಬೇಕಾದೀತೋ ಗೊತ್ತಿಲ್ಲ ಎಂಬ ವಿನಯ. ಉರುಳೆಯಲ್ಲಿ ಆ ವಿನಯಕ್ಕೆ ಎಡೆಯಿರಲಿಲ್ಲ. ಗ್ರಾಫಿಕ್ಸ್ ಘಟಕಗಳನ್ನು ಅದರ ಆಕಾರಕ್ಕೆಂದೇ ಮಾಡಿಸಿದ್ದರಿಂದ ಪೇಟೆಯಲ್ಲಿ ಬದಲಿ ಸಿಗುತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಆ ಘಟಕಗಳೇ ಕೆಟ್ಟು, 2016ರಲ್ಲಿ ಕಂಪನಿ ಉಚಿತ ದುರಸ್ತಿಯ ಯೋಜನೆ ಪ್ರಕಟಿಸಬೇಕಾಯಿತು.

ಇಂಥದ್ದು ಇದೇ ಮೊದಲೇನೂ ಅಲ್ಲ. 2000ದಲ್ಲಿ ಇದೇ ಕಂಪನಿ ‘ಕ್ಯೂಬ್’ ಎಂಬ ಪುಟ್ಟ ಘನಾಕೃತಿಯ ಕಂಪ್ಯೂಟರನ್ನು ತಂದಿತ್ತು. ಫ್ಯಾನೇ ಇಲ್ಲದ, ಗಾಜಿನಂಥ ಕವಚದ ಸುಂದರ ಯಂತ್ರ. ಕೊಳ್ಳುವವರಿಲ್ಲದೆ ಒಂದೇ ವರ್ಷಕ್ಕೆ, 2001ರ ಜುಲೈನಲ್ಲಿ, ಉತ್ಪಾದನೆ ನಿಂತಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಕಲಾಕೃತಿಯಾಗಿ ಗೆದ್ದದ್ದು ಕೆಲಸದ ಮೇಜಿನಲ್ಲಿ ಸೋತಿತ್ತು.

ಕಾದವರು ಮಾಡಿದ್ದೇನು?

2014 ಕಳೆಯಿತು, 2015 ಕಳೆಯಿತು, 2016 ಕಳೆಯಿತು. ಉರುಳೆಯ ಒಳಗೆ ಒಂದು ಭಾಗವೂ ಬದಲಾಗಲಿಲ್ಲ, ಬೆಲೆಯೂ ಇಳಿಯಲಿಲ್ಲ. ಕಂಪ್ಯೂಟರ್ ಲೋಕದಲ್ಲಿ ಮೂರು ವರ್ಷವೆಂದರೆ ಒಂದು ತಲೆಮಾರು. ಪ್ರತಿ ಜೂನ್‌ನಲ್ಲಿ ಕಂಪನಿಯ ಸಮ್ಮೇಳನ ನಡೆಯುವಾಗ ಆಸೆ ಚಿಗುರುತ್ತಿತ್ತು, ಸಭೆ ಮುಗಿಯುವ ಹೊತ್ತಿಗೆ ಬಾಡುತ್ತಿತ್ತು. ಫೋನಿಗೆ ಹೊಸ ಬಣ್ಣ, ಕೈಗಡಿಯಾರಕ್ಕೆ ಹೊಸ ಪಟ್ಟಿ ಬಂದವು. ಲಾರಿಯ ಸುದ್ದಿ ಮಾತ್ರ ಇಲ್ಲ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಅದಕ್ಕೆ ಬೆಲೆ ತೆರಬೇಕು. ಆನಿಮೇಶನ್ ಚಿತ್ರವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚೌಕಟ್ಟನ್ನು ಲೆಕ್ಕ ಹಾಕಿ ಮೂಡಿಸಲು ಯಂತ್ರಕ್ಕೆ 10 ನಿಮಿಷ ಬೇಕೆಂದಿಟ್ಟುಕೊಂಡರೆ, ಒಂದು ನಿಮಿಷದ ಚಿತ್ರದ 1440 ಚೌಕಟ್ಟುಗಳಿಗೆ ಹಗಲು ರಾತ್ರಿ ಸೇರಿ 10 ದಿನ. ಎರಡು ಪಟ್ಟು ವೇಗದ ಯಂತ್ರವಿದ್ದರೆ 5 ದಿನ. ಎದುರು ಬೀದಿಯ ಸ್ಟುಡಿಯೊದಲ್ಲಿ ಅಂಥ ಯಂತ್ರವಿದ್ದರೆ ಗಿರಾಕಿ ಹೋಗುವುದು ಅಲ್ಲಿಗೆ. ಯಂತ್ರ ಹಳತಾದಷ್ಟೂ ಸಣ್ಣ ಸ್ಟುಡಿಯೊದ ಬಾಡಿಗೆ, ಸಂಬಳ, ಸಾಲದ ಕಂತು ಎಲ್ಲವೂ ತೂಗಾಡುತ್ತವೆ.

ಹಾಗಾದರೆ ಬೇರೆ ಕಂಪನಿಯ ಯಂತ್ರ ಕೊಳ್ಳಬಾರದಿತ್ತೇ? ಹಾಗೆ ಕೊಂಡವರು ಬಹಳ ಜನ. ವಿಂಡೋಸ್ ನಡೆಸುವ ಎಚ್‌ಪಿ, ಡೆಲ್ ಕಂಪನಿಗಳ ವರ್ಕ್‌ಸ್ಟೇಶನ್‌ಗಳಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡು ಸಲೀಸಾಗಿ ಕೂರುತ್ತಿತ್ತು. ಆದರೆ ವಲಸೆ ಸುಲಭವಲ್ಲ. ವರ್ಷಗಟ್ಟಲೆ ಬೆರಳಿಗೆ ಕೂತ ಅಭ್ಯಾಸ, ಆ ಯಂತ್ರಕ್ಕೆಂದೇ ಕೊಂಡ ತಂತ್ರಾಂಶ, ಹಳೆಯ ಕೆಲಸದ ಕಡತ, ಜೊತೆಗಾರರ ಪದ್ಧತಿ ಎಲ್ಲವನ್ನೂ ಬಿಟ್ಟು ಏಳಬೇಕು. ಬಡಗಿಗೆ ಎಡಗೈಯಲ್ಲಿ ಉಳಿ ಹಿಡಿ ಎಂದಂತೆ. ಫೈನಲ್ ಕಟ್, ಲಾಜಿಕ್ ಮುಂತಾದ ಆಪಲ್‌ನದೇ ತಂತ್ರಾಂಶಗಳು ಬೇರೆಡೆ ನಡೆಯುವುದೂ ಇಲ್ಲ.

ಇನ್ನು ಕೆಲವರು ಹಿಂದಕ್ಕೆ ಹೋದರು. 2010, 2012ರ ಹಳೆಯ ಪೆಟ್ಟಿಗೆಗಳನ್ನು ಸೆಕೆಂಡ್ ಹ್ಯಾಂಡಾಗಿ ಕೊಂಡು ಹೊಸ ಪ್ರೊಸೆಸರ್, ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿ ಓಡಿಸಿದರು. ಕೆಲವು ಕೆಲಸಗಳಲ್ಲಿ ಆ ಮುದಿ ಎತ್ತು ಹೊಸ ಉರುಳೆಯನ್ನು ಹಿಂದಿಕ್ಕುತ್ತಿತ್ತು. ಧೈರ್ಯವಂತರು ಪೇಟೆಯಿಂದ ಬಿಡಿಭಾಗ ತಂದು ಸಾಮಾನ್ಯ ಕಂಪ್ಯೂಟರ್ ಜೋಡಿಸಿ, ಅದರಲ್ಲಿ ಮ್ಯಾಕ್ ತಂತ್ರಾಂಶ ನಡೆಯುವಂತೆ ಮಾಡಿದರು. ‘ಹ್ಯಾಕಿಂಟಾಷ್’ ಎಂದು ಅದಕ್ಕೆ ಹೆಸರು. ಕಂಪನಿಯ ಒಪ್ಪಂದದ ನಿಯಮಗಳಿಗೆ ವಿರುದ್ಧವಾದ ಕೆಲಸ ಅದು. ಆದರೂ ಅದನ್ನು ಮಾಡಿದವರಲ್ಲಿ ಅನೇಕರು ಕಂಪನಿಯ ದ್ವೇಷಿಗಳಲ್ಲ, ಬಿಟ್ಟುಹೋಗಲು ಮನಸ್ಸಿಲ್ಲದ ಭಕ್ತರು.

ಮೌನದ ಲೆಕ್ಕಾಚಾರ

ಇಷ್ಟೆಲ್ಲ ಆದರೂ ಕಂಪನಿ ಒಂದು ಮಾತು ಏಕೆ ಆಡಲಿಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೆ ಉದ್ಯಮದಲ್ಲಿ ಹಳೆಯದೊಂದು ಪಾಠವಿದೆ. ಆಡಮ್ ಆಸ್ಬರ್ನ್ ಎಂಬಾತ 1981ರಲ್ಲಿ ಸೂಟ್‌ಕೇಸಿನಂತೆ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ತಯಾರಿಸಿ 1795 ಡಾಲರಿಗೆ ಮಾರಿದ. ರಮಣ ಮಹರ್ಷಿಗಳ ಅನುಯಾಯಿಯಾಗಿದ್ದ ತಂದೆಯ ಜೊತೆ ಬಾಲ್ಯವನ್ನು ತಿರುವಣ್ಣಾಮಲೈಯಲ್ಲಿ ಕಳೆದವನೀತ. 2003ರಲ್ಲಿ ತೀರಿಕೊಂಡದ್ದೂ ಕೊಡೈಕನಾಲ್‌ನಲ್ಲಿ. ಅವನ ಕಂಪನಿ ರಾಕೆಟ್ಟಿನಂತೆ ಮೇಲೇರಿ 1983ರಲ್ಲೇ ದಿವಾಳಿಯಾಯಿತು. ಮುಂದಿನ ಸುಧಾರಿತ ಯಂತ್ರದ ಸುದ್ದಿಯನ್ನು ಮೊದಲೇ ಹೇಳಿಬಿಟ್ಟದ್ದರಿಂದ ಜನ ಹಳತನ್ನು ಕೊಳ್ಳುವುದನ್ನೇ ನಿಲ್ಲಿಸಿದರು ಎಂಬುದು ಪ್ರಚಲಿತ ವಿವರಣೆ. ದಿವಾಳಿಗೆ ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ. ಆದರೆ ‘ಆಸ್ಬರ್ನ್ ಪರಿಣಾಮ’ ಎಂಬ ಹೆಸರು ನಿಂತುಹೋಯಿತು. ನಾಳೆಯ ಮಾತು ಇಂದಿನ ವ್ಯಾಪಾರ ಕೆಡಿಸುತ್ತದೆ ಎಂಬ ಭಯವೂ ನಿಂತಿತು.

ಎರಡನೆಯ ಕಾರಣ ಲೆಕ್ಕದ ಪುಸ್ತಕದ್ದು. ಆಪಲ್ ಮಾರುವ ಮ್ಯಾಕ್‌ಗಳಲ್ಲಿ ನೂರಕ್ಕೆ ಎಂಬತ್ತು ಲ್ಯಾಪ್‌ಟಾಪುಗಳು, ಮ್ಯಾಕ್ ಪ್ರೊ ಪಾಲು ಶೇಕಡಾ ಹತ್ತಕ್ಕೂ ಕಡಿಮೆ ಎಂದು 2017ರ ಸಭೆಯಲ್ಲಿ ಕಂಪನಿಯೇ ತಿಳಿಸಿತು. ಕೋಟಿಗಟ್ಟಲೆ ಫೋನು ಮಾರುವಲ್ಲಿ ಅಷ್ಟು ಸಣ್ಣ ಪಾಲಿಗೆ ನುರಿತ ಎಂಜಿನಿಯರುಗಳನ್ನು ತೊಡಗಿಸುವುದು ನಷ್ಟದ ಬಾಬ್ತೆಂದು ಕಾಣುವುದು ಸಹಜ. ಈ ಲೆಕ್ಕದಲ್ಲಿ ಬಿಟ್ಟುಹೋಗುವುದು ಒಂದು ಅಂಶ: ಫೋನಿನಲ್ಲಿ ನಡೆಯುವ ತಂತ್ರಾಂಶ, ಅದರಲ್ಲಿ ಕೇಳುವ ಹಾಡು, ನೋಡುವ ಸಿನಿಮಾ ಇವನ್ನೆಲ್ಲ ತಯಾರಿಸುವವರು ಈ ಸಣ್ಣ ಪಾಲಿನ ಜನ. ಬಿತ್ತನೆ ಬೀಜಕ್ಕೆ ತೂಕ ಕಡಿಮೆ ಎಂದು ಅದನ್ನು ಕಡೆಗಣಿಸುವ ರೈತನಿಲ್ಲ.

ಮೂರನೆಯದು ತಯಾರಕರ ಹಳೆಯ ರೋಗ. ಕಂಪ್ಯೂಟರಿನ ಪಿತಾಮಹನೆನಿಸಿದ ಚಾರ್ಲ್ಸ್ ಬ್ಯಾಬೇಜ್‌ನನ್ನೂ ಅದು ಬಿಡಲಿಲ್ಲ. 1823ರಲ್ಲಿ ಬ್ರಿಟಿಷ್ ಸರ್ಕಾರದ ಹಣದಿಂದ ಲೆಕ್ಕದ ಯಂತ್ರ ಕಟ್ಟಲು ಹೊರಟ ಆತ, ಅರ್ಧದಲ್ಲಿ ಅದಕ್ಕಿಂತ ಉತ್ತಮವಾದುದರ ಕಲ್ಪನೆಗೆ ಬಿದ್ದ. ಸುಮಾರು 17,000 ಪೌಂಡ್ ಖರ್ಚಾದ ಮೇಲೆ 1842ರಲ್ಲಿ ಸರ್ಕಾರ ಕೈಚೆಲ್ಲಿತು. ಆತನ ಎರಡನೆಯ ವಿನ್ಯಾಸದಂತೆ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಯಂತ್ರ ಕಟ್ಟಿ ನಡೆಸಿ ತೋರಿಸಿದ್ದು 1991ರಲ್ಲಿ, ಆತ ಹುಟ್ಟಿ ಇನ್ನೂರು ವರ್ಷವಾದಾಗ. ಅತ್ಯುತ್ತಮವಾದದ್ದನ್ನೇ ಕೊಡುತ್ತೇನೆ ಎಂಬ ಹಟ ಎಷ್ಟೋ ಬಾರಿ ಏನನ್ನೂ ಕೊಡದೆ ಮುಗಿಯುತ್ತದೆ. ಸಾಧಾರಣ ಪೆಟ್ಟಿಗೆಯಲ್ಲಿ ಹೊಸ ಪ್ರೊಸೆಸರ್ ಹಾಕಿ ಕೊಟ್ಟಿದ್ದರೂ ಮ್ಯಾಕ್ ಪ್ರೊಗೆ ಕಾದವರಲ್ಲಿ ಬಹುಪಾಲು ಜನ ಸಂತೋಷದಿಂದ ಕೊಳ್ಳುತ್ತಿದ್ದರು.

ಮರಳಿ ಪೆಟ್ಟಿಗೆಗೆ

2017ರ ಒಪ್ಪಿಗೆಯ ಮಾತಿನಿಂದ ಕೆಲವರಿಗೆ ಸಮಾಧಾನವಾಯಿತು. ಇನ್ನೂ ಕಾಯಬೇಕಲ್ಲ ಎಂದು ಕೆಲವರು ಸಿಡಿಮಿಡಿಗೊಂಡರು. ಆದರೂ ಕತ್ತಲಲ್ಲಿ ಕಾಯುವುದಕ್ಕೂ ಬಸ್ಸು ಹೊರಟಿದೆ ಎಂದು ತಿಳಿದು ಕಾಯುವುದಕ್ಕೂ ವ್ಯತ್ಯಾಸವಿದೆ. ಆ ವರ್ಷದ ಡಿಸೆಂಬರಿನಲ್ಲಿ 4,999 ಡಾಲರಿನ ‘ಐಮ್ಯಾಕ್ ಪ್ರೊ’ ಮಧ್ಯಂತರ ಪರಿಹಾರವಾಗಿ ಬಂತು. 2018ರ ಏಪ್ರಿಲ್‌ನಲ್ಲಿ ಕಂಪನಿ ಮತ್ತೆ ಪತ್ರಕರ್ತರೊಡನೆ ಮಾತಾಡಿ, ಮ್ಯಾಕ್ ಪ್ರೊ 2019ಕ್ಕೆ ಎಂದು ವರ್ಷವನ್ನು ಖಚಿತಪಡಿಸಿತು. ಸಂಕಲನಕಾರರನ್ನೂ ಸಂಗೀತಗಾರರನ್ನೂ ತಾನೇ ಕೆಲಸಕ್ಕೆ ಸೇರಿಸಿಕೊಂಡು, ಅವರು ದುಡಿಯುವಾಗ ಯಂತ್ರ ಎಲ್ಲಿ ಮುಗ್ಗರಿಸುತ್ತದೆ ಎಂದು ಪಕ್ಕದಲ್ಲಿ ಕುಳಿತು ನೋಡುವ ತಂಡವೊಂದನ್ನು ಕಟ್ಟಿದ್ದಾಗಿಯೂ ತಿಳಿಸಿತು. ಮೊದಲೇ ಆಗಬೇಕಿದ್ದ ಕೆಲಸ.

2019ರ ಜೂನ್ 3ರಂದು ಕೊನೆಗೂ ಯಂತ್ರದ ದರ್ಶನವಾಯಿತು. ಉರುಳೆ ಹೋಗಿ ಪೆಟ್ಟಿಗೆ ಮರಳಿತ್ತು. ತುರಿಯುವ ಮಣೆಯ ಜಾಲರಿ ಇನ್ನಷ್ಟು ದಪ್ಪಗಾಗಿತ್ತು. ಎಂಟು ಸ್ಲಾಟುಗಳು, 28 ಕೋರ್‌ಗಳವರೆಗಿನ ಪ್ರೊಸೆಸರ್, 1.5 ಟೆರಾಬೈಟ್‌ವರೆಗೆ ಮೆಮೊರಿ, 1400 ವಾಟ್ ವಿದ್ಯುತ್ ಸಾಮರ್ಥ್ಯ. ಕೇಳಿದ್ದೆಲ್ಲ ಸಿಕ್ಕಿತ್ತು. ಬೆಲೆಯೂ ಅದಕ್ಕೆ ತಕ್ಕಂತಿತ್ತು: ಅತಿ ಕಡಿಮೆಯ ಮಾದರಿಗೇ 5,999 ಡಾಲರ್, ಭಾರತದಲ್ಲಿ ಸುಮಾರು ಐದು ಲಕ್ಷ ರೂಪಾಯಿ. ಎಲ್ಲ ಅಲಂಕಾರವೂ ಬೇಕೆಂದರೆ 50 ಸಾವಿರ ಡಾಲರ್ ದಾಟುತ್ತಿತ್ತು. ಜೊತೆಗೆ ತಂದ ಮಾನಿಟರಿನ ಸ್ಟ್ಯಾಂಡಿಗೆ ಮಾತ್ರವೇ ಪ್ರತ್ಯೇಕ 999 ಡಾಲರ್ ಎಂದಾಗ, ಆಪಲ್ ಭಕ್ತರೇ ತುಂಬಿದ್ದ ಸಭಾಂಗಣದಲ್ಲೂ ಗುಜುಗುಜು ಕೇಳಿಸಿತು. ಮಾರಾಟ ಆರಂಭವಾದದ್ದು ಡಿಸೆಂಬರ್ 10ಕ್ಕೆ. ಉರುಳೆ ಪೇಟೆಗೆ ಬಂದು ಹೆಚ್ಚುಕಡಿಮೆ ಆರು ವರ್ಷ ತುಂಬಿತ್ತು.

ಇಲ್ಲಿ ಇನ್ನೊಂದು ಕಹಿಯಿತ್ತು. ಹಳೆಯ ಪೆಟ್ಟಿಗೆಯನ್ನು ಸುಮಾರು ಎರಡೂವರೆ ಸಾವಿರ ಡಾಲರಿಗೆ ಕೊಳ್ಳಬಹುದಿತ್ತು. ಒಂಟಿಯಾಗಿ ದುಡಿಯುವ ಛಾಯಾಗ್ರಾಹಕನಿಗೂ ಸಣ್ಣ ಊರಿನ ಸ್ಟುಡಿಯೊಕ್ಕೂ ಎಟುಕುವ ಯಂತ್ರ ಅದು. ಹೊಸ ಪೆಟ್ಟಿಗೆ ದೊಡ್ಡ ಸ್ಟುಡಿಯೊಗಳ ಸ್ವತ್ತು. ಗಟ್ಟಿಯಾಗಿ ಕೂಗಿ ಕೇಳಿದವರಲ್ಲಿ ಬಹಳಷ್ಟು ಜನ ಸಣ್ಣವರು, ಕೊಟ್ಟದ್ದು ದೊಡ್ಡವರಿಗೆ.

ಖಾಲಿ ಸ್ಲಾಟುಗಳು

ಕೊಂಡವರ ನೆಮ್ಮದಿಗೂ ಆಯುಷ್ಯ ಕಡಿಮೆಯಾಗಿತ್ತು. ಆರು ತಿಂಗಳು ಕಳೆದು 2020ರ ಜೂನ್‌ನಲ್ಲಿ ಆಪಲ್, ಇಂಟೆಲ್ ಪ್ರೊಸೆಸರುಗಳನ್ನು ಕೈಬಿಟ್ಟು ತನ್ನದೇ ಚಿಪ್‌ಗಳಿಗೆ ಹೊರಳುವುದಾಗಿ, ಆ ಬದಲಾವಣೆ ಎರಡು ವರ್ಷದಲ್ಲಿ ಮುಗಿಯುವುದಾಗಿ ಸಾರಿತು. ಲ್ಯಾಪ್‌ಟಾಪುಗಳು ಒಂದೊಂದಾಗಿ ಬದಲಾದವು. 2022ರ ಮಾರ್ಚ್‌ನಲ್ಲಿ ಚಿಕ್ಕ ಚೌಕದ ‘ಮ್ಯಾಕ್ ಸ್ಟುಡಿಯೊ’ ಬಂದಾಗ, ಇನ್ನುಳಿದದ್ದು ಮ್ಯಾಕ್ ಪ್ರೊ ಒಂದೇ, ಅದು ಇನ್ನೊಂದು ದಿನದ ಮಾತು ಎಂದು ವೇದಿಕೆಯಿಂದ ಹೇಳಲಾಯಿತು. ಎರಡು ವರ್ಷದ ಗಡುವು ಮೀರಿತು. ಮತ್ತೆ ಕಾಯುವಿಕೆ.

2023ರ ಜೂನ್ 5ರಂದು ಬಂದ ಯಂತ್ರದ ಪೆಟ್ಟಿಗೆ ಅದೇ, ಒಳಗೆ ಆಪಲ್‌ನ ಎಂ2 ಅಲ್ಟ್ರಾ ಚಿಪ್. ವೇಗಕ್ಕೆ ಕೊರತೆಯಿರಲಿಲ್ಲ. ಆದರೆ ಈ ಚಿಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ ಎಲ್ಲವೂ ಒಂದೇ ಕುಟುಂಬದಂತೆ ಅಂಟಿಕೊಂಡಿರುತ್ತವೆ. ದತ್ತಾಂಶ ಅತ್ತಿತ್ತ ಓಡಾಡುವ ದೂರ ಕಡಿಮೆಯಾಗುವುದರಿಂದ ವಿದ್ಯುತ್ತೂ ಸಮಯವೂ ಉಳಿಯುತ್ತವೆ. ಅದೇ ಕಾರಣಕ್ಕೆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು, ಹೊರಗಿನ ಗ್ರಾಫಿಕ್ಸ್ ಕಾರ್ಡಿಗೂ ಎಡೆಯಿಲ್ಲ. 1.5 ಟೆರಾಬೈಟ್ ಇದ್ದ ಮೆಮೊರಿಯ ಮಿತಿ 192 ಗಿಗಾಬೈಟಿಗೆ ಇಳಿಯಿತು. ಅದೇ ಚಿಪ್ ಇರುವ ಮ್ಯಾಕ್ ಸ್ಟುಡಿಯೊಗೆ 3,999 ಡಾಲರ್, ಮ್ಯಾಕ್ ಪ್ರೊಗೆ 6,999. ಮೂರು ಸಾವಿರ ಡಾಲರ್ ಹೆಚ್ಚು ಕೊಟ್ಟವರಿಗೆ ಸಿಕ್ಕ ಮುಖ್ಯ ಲಾಭ ಸ್ಲಾಟುಗಳು. ಧ್ವನಿಮುದ್ರಣ, ದೂರದರ್ಶನ ಪ್ರಸಾರದಂಥ ಕೆಲವು ಕಸುಬುಗಳಿಗೆ ಅವು ಬೇಕು. ಉಳಿದವರ ಪಾಲಿಗೆ ಅದು ಬಾಡಿಗೆಗೆ ಯಾರೂ ಬಾರದ ಮಹಡಿ ಮನೆ.

2025ರ ಮಾರ್ಚ್‌ನಲ್ಲಿ ಮ್ಯಾಕ್ ಸ್ಟುಡಿಯೊಗೆ ಎಂ3 ಅಲ್ಟ್ರಾ ಚಿಪ್ ಬಂದು ಅದರ ಮೆಮೊರಿ 512 ಗಿಗಾಬೈಟಿಗೆ ಏರಿದಾಗಲೂ ದೊಡ್ಡಣ್ಣನನ್ನು ಯಾರೂ ಮಾತಾಡಿಸಲಿಲ್ಲ. ಅದೇ ಜೂನ್‌ನಲ್ಲಿ, ಇಂಟೆಲ್ ಯಂತ್ರಗಳಲ್ಲಿ ನಡೆಯುವ ಮ್ಯಾಕ್ ತಂತ್ರಾಂಶದ ಆವೃತ್ತಿಗಳಲ್ಲಿ ‘ಟಾಹೋ’ ಕೊನೆಯದು ಎಂದು ಕಂಪನಿ ಪ್ರಕಟಿಸಿತು. 2019ರಲ್ಲಿ ಲಕ್ಷಗಟ್ಟಲೆ ಸುರಿದು ಕೊಂಡ ಪೆಟ್ಟಿಗೆಗೆ ಆರನೇ ವರ್ಷದಲ್ಲೇ ಮುಪ್ಪಿನ ಸೂಚನೆ.

ಇಡೀ ಪ್ರಕರಣದಲ್ಲಿ ಖಳನಾಯಕರು ಯಾರೂ ಇಲ್ಲ. ಉರುಳೆಯನ್ನು ರೂಪಿಸಿದವರು ಪ್ರತಿಭಾವಂತರು. ಹಿಂದೆಂದೂ ಇಲ್ಲದ್ದನ್ನು ಮಾಡಹೊರಟು ಭವಿಷ್ಯವನ್ನು ತಪ್ಪಾಗಿ ಊಹಿಸಿದರು. ತಂತ್ರಜ್ಞಾನದಲ್ಲಿ ಅಂಥ ತಪ್ಪು ಸಹಜ. ಕಾದವರನ್ನು ನೋಯಿಸಿದ್ದು ತಪ್ಪಿಗಿಂತ ಹೆಚ್ಚಾಗಿ ತಪ್ಪನ್ನು ಹೇಳಲು ತೆಗೆದುಕೊಂಡ ನಾಲ್ಕು ವರ್ಷ. ಮುಂದೆ ಯಂತ್ರ ಬರುವುದಿಲ್ಲ ಎಂದು ಗೊತ್ತಿದ್ದರೆ ಸಣ್ಣ ಸ್ಟುಡಿಯೊದವನು ಅಂದೇ ಬೇರೆ ದಾರಿ ಹಿಡಿಯುತ್ತಿದ್ದ. ಬರುವುದು ಖಚಿತವೆಂದು ಗೊತ್ತಿದ್ದರೆ ಹಳತನ್ನೇ ತೇಪೆ ಹಾಕಿ ನಿಶ್ಚಿಂತನಾಗಿರುತ್ತಿದ್ದ. ಎರಡೂ ಗೊತ್ತಿಲ್ಲದವನು ಮಾತ್ರ ನಿದ್ದೆಗೆಡುತ್ತಾನೆ.

ಊರಿನ ಕಮ್ಮಾರನ ಹತ್ತಿರ ನೇಗಿಲ ಗುಳ ಬಡಿಸಲು ಕೊಟ್ಟ ರೈತನಿಗೆ ತಿಳಿಯಬೇಕಾದದ್ದೂ ಇಷ್ಟೇ. ಮಳೆ ಬರುವುದರೊಳಗೆ ಆಗುತ್ತದೋ ಇಲ್ಲವೋ? ಆಗದೆಂದರೆ ಆತ ಪಕ್ಕದೂರಿಗೆ ಹೋದಾನು. ಕಮ್ಮಾರನ ಮೇಲೆ ಮುನಿಸಿಟ್ಟುಕೊಳ್ಳಲಾರ. ‘ನಾಳೆ ಬಾ’ ಎಂಬ ಮಾತೂ ಇಲ್ಲದೆ ಕುಲುಮೆಯ ಬಾಗಿಲು ಮುಚ್ಚಿದ್ದರೆ, ಮುಂದಿನ ಹಂಗಾಮಿಗೆ ಎಷ್ಟೇ ಹೊಳೆಯುವ ಗುಳ ಮಾಡಿಟ್ಟರೂ ಆತ ಆ ಬಾಗಿಲಿಗೆ ಮರಳುವುದು ಅನುಮಾನ.